ಒಂದೇ ಬೀಸು, ಹಲವು ಬಗೆ

ಮಲ್ಪೆಯಲ್ಲಿ ಹುಟ್ಟಿ ಬೆಳೆದವನು ‘ಬೀಸು’ ಎಂಬ ಮಾತಿನ ಅರ್ಥಕ್ಕಾಗಿ ನಿಘಂಟು ತೆರೆಯಬೇಕಾಗಿಲ್ಲ. ಇಲ್ಲಿ ಕಡಲ ಗಾಳಿ ಬೀಸುತ್ತದೆ. ಅಳಿವೆಯ ಮೊಣಕಾಲುದ್ದದ ನೀರಿನಲ್ಲಿ ನಿಂತವನು ಬಲೆ ಬೀಸುತ್ತಾನೆ. ನಾನು ಹುಡುಗನಾಗಿದ್ದಾಗ ನಸುಕಿನಲ್ಲಿ ಒಳಕೋಣೆಯಿಂದ ಅಜ್ಜಿ ಕಲ್ಲು ಬೀಸುವ ಸದ್ದು ಕೇಳಿಬರುತ್ತಿತ್ತು. ಈ ಮೂರರ ಸಾಲಿಗೆ ಸೇರುವ ನಾಲ್ಕನೆಯ ಬೀಸೊಂದು ನನ್ನ ಪಾಲಿಗೆ ಬಂದದ್ದು ಅರವತ್ತು ತುಂಬಿ, ಶಾಲೆಯ ಕೆಲಸದಿಂದ ನಿವೃತ್ತನಾದ ಮೇಲೆ. ಇಂದು ನಾನು ಮಾತನಾಡಬೇಕೆಂದಿರುವುದು ಅದರ ವಿಷಯವಾಗಿ. ಅದಕ್ಕಿಂತ ಹೆಚ್ಚಾಗಿ, ಒಂದೇ ಚಲನೆಯನ್ನು ದಿನದಿನವೂ ಮಾಡುವವನಿಗೆ ಬರುವ ಬೇಸರದ ವಿಷಯವಾಗಿ.

ಬೆಂಗಳೂರಿನಲ್ಲಿ ನೌಕರಿಯಲ್ಲಿರುವ ನನ್ನ ಸೋದರಳಿಯ ಒಮ್ಮೆ ಊರಿಗೆ ಬಂದವನು ಕಬ್ಬಿಣದ ಗುಂಡೊಂದನ್ನು ನಮ್ಮ ಜಗಲಿಯ ಮೂಲೆಯಲ್ಲಿ ಬಿಟ್ಟುಹೋದ. ಸಿಪ್ಪೆ ಸುಲಿಯದ ತೆಂಗಿನಕಾಯಿಯಷ್ಟು ಗಾತ್ರ, ತಳ ಚಪ್ಪಟೆ, ಮೇಲೆ ಎರಡು ಕೈಯೂ ಹಿಡಿಸುವಂಥ ದಪ್ಪನೆಯ ಹಿಡಿ. ತೂಕ 16 ಕಿಲೋ. ಇದಕ್ಕೆ ಕೆಟಲ್‌ಬೆಲ್ ಎಂದು ಹೆಸರು. ನನ್ನ ಬಾಯಿಗೆ ಅದು ಸರಿಹೋಗದೆ ‘ಹಿಡಿಗುಂಡು’ ಎಂದು ಕರೆದುಕೊಂಡಿದ್ದೇನೆ. ನಮ್ಮ ನೆರೆಮನೆಯ ಹಿರಿಯರು ಬಲೆಯ ನೂಲು ಕೇಳಲು ಬಂದವರು ಅದನ್ನು ನೋಡಿ, “ಎಂತ ಮಾಷ್ಟ್ರೇ, ಮೀನು ತೂಗುವ ವ್ಯಾಪಾರ ಸುರು ಮಾಡಿದಿರಾ?” ಎಂದು ನಕ್ಕರು.

ಅವರು ನಗೆಗೆ ಆಡಿದ ಮಾತು ಚರಿತ್ರೆಯ ದೃಷ್ಟಿಯಿಂದ ಸರಿಯೇ ಆಗಿತ್ತು. ರಷ್ಯದ ಸಂತೆಗಳಲ್ಲಿ ಧಾನ್ಯ ತೂಗುವ ತಕ್ಕಡಿಗೆ ಬಳಸುತ್ತಿದ್ದ ತೂಕದ ಗುಂಡುಗಳೇ ಈ ವ್ಯಾಯಾಮ ಸಾಧನದ ಮೂಲ. ಅಲ್ಲಿನ ಹಳೆಯ ಅಳತೆ ಪೂದ್; ಒಂದು ಪೂದ್ ಎಂದರೆ ಸುಮಾರು 16.38 ಕಿಲೋ. ಇವತ್ತಿಗೂ ಹಿಡಿಗುಂಡುಗಳು 16, 24, 32 ಕಿಲೋ ಎಂಬ ಮೆಟ್ಟಿಲುಗಳಲ್ಲಿ ದೊರೆಯುವುದು ಒಂದು, ಒಂದೂವರೆ, ಎರಡು ಪೂದುಗಳ ಆ ಲೆಕ್ಕದ ನೆನಪಿನಿಂದ. ಸಂತೆಯಲ್ಲಿ ಬಿಡುವಾದಾಗ ತೂಕದ ಗುಂಡನ್ನೆತ್ತಿ ಬಲ ತೋರಿಸುವುದು ರೈತರಿಗೆ ಮೋಜು. ಮುಂದೆ ಅದು ಸೈನಿಕರ ಅಭ್ಯಾಸವಾಯಿತು. 1985ರಲ್ಲಿ ಸೋವಿಯತ್ ಒಕ್ಕೂಟದ ಲಿಪೆಟ್ಸ್ಕ್ ನಗರದಲ್ಲಿ ರಾಷ್ಟ್ರೀಯ ಚಾಂಪಿಯನ್‌ಷಿಪ್ಪೂ ನಡೆಯಿತು. ಅಮೆರಿಕದಲ್ಲಿ ಅದಕ್ಕೆ ಮನ್ನಣೆ ತಂದುಕೊಟ್ಟವನು ಮಿನ್ಸ್ಕ್‌ನಲ್ಲಿ ಹುಟ್ಟಿದ ಪಾವೆಲ್ ತ್ಸಾತ್ಸೂಲಿನ್. 2001ರಲ್ಲಿ ಅವನ ಪುಸ್ತಕ ಬಂತು. ಅಲ್ಲಿಂದ ಬೆಂಗಳೂರು, ಬೆಂಗಳೂರಿನಿಂದ ನಮ್ಮ ಜಗಲಿ.

ಹಿಡಿಗುಂಡಿನಿಂದ ಮಾಡುವ ವ್ಯಾಯಾಮಗಳು ಅನೇಕ. ಆದರೆ ತಳಪಾಯದ ವ್ಯಾಯಾಮ ಒಂದೇ, ಅದು ಬೀಸು. ಪಾದಗಳನ್ನು ಹೆಗಲಿಗಿಂತ ತುಸು ಅಗಲಿಸಿ ನಿಂತು, ಗುಂಡನ್ನು ಒಂದಡಿ ಮುಂದಿಟ್ಟು, ಬೆನ್ನನ್ನು ನೇರವಾಗಿರಿಸಿಕೊಂಡೇ ಪೃಷ್ಠವನ್ನು ಹಿಂದಕ್ಕೆ ತಳ್ಳಿ ಬಗ್ಗಬೇಕು. ಎರಡೂ ಕೈಯಿಂದ ಹಿಡಿದು ಗುಂಡನ್ನು ತೊಡೆಗಳ ನಡುವೆ ಹಿಂದಕ್ಕೆ ತೂಗಿಬಿಟ್ಟು, ಒಮ್ಮೆಲೇ ಸೊಂಟದ ಕೀಲನ್ನು ಬಿಚ್ಚಿ ನೆಟ್ಟಗೆ ನಿಲ್ಲಬೇಕು. ಗುಂಡು ತಾನಾಗಿ ಎದೆಯ ಎತ್ತರಕ್ಕೆ ತೇಲಿ, ಒಂದು ಕ್ಷಣ ತೂಕವಿಲ್ಲದಂತಿದ್ದು, ಮರಳಿ ಬೀಳುತ್ತದೆ. ಕೈ ಎತ್ತುವುದಿಲ್ಲ, ಕೈ ಬರಿಯ ಹಗ್ಗ. ಮೊಣಕಾಲು ಬಾಗುವುದು ಅಲ್ಪ. ಬಸ್ಕಿಯಂತೆ ಕುಳಿತೇಳುವ ಚಲನೆ ಇದಲ್ಲ. ಬಾಗಿಲು ತೆರೆದು ಮುಚ್ಚುವುದು ಬಿಜಾಗರಿಯಲ್ಲಿ; ಹಲಗೆ ಎಲ್ಲಿಯೂ ಬಗ್ಗುವುದಿಲ್ಲ. ಇಲ್ಲಿ ಸೊಂಟದ ಕೀಲು ಬಿಜಾಗರಿ, ಬೆನ್ನು ಹಲಗೆ.

ಇಷ್ಟನ್ನು ಅಳಿಯ ಎರಡು ದಿನ ನಿಂತು ಕಲಿಸಿದ. “ಮಾವ, ಹತ್ತು ಬೀಸಿ, ನಿಲ್ಲಿಸಿ, ಉಸಿರು ತಿರುಗಿದ ಮೇಲೆ ಮತ್ತೆ ಹತ್ತು. ಮೂರು ತಿಂಗಳು ಬೇರೇನೂ ಬೇಡ” ಎಂದು ಹೇಳಿ ಬಸ್ಸು ಹತ್ತಿದ.

ನನಗೆ ಈ ಗುಂಡು ಬೇಕಾದದ್ದು ಮೈಕಟ್ಟಿನ ಆಸೆಯಿಂದಲ್ಲ. ನನ್ನ ತಾಯಿಗೆ ಎಂಬತ್ತೆಂಟು ವರ್ಷ. ಎರಡು ವರ್ಷಗಳಿಂದ ಅವರಿಗೆ ತಾವಾಗಿ ಏಳಲಾಗುವುದಿಲ್ಲ. ದಿನಕ್ಕೆ ನಾಲ್ಕೈದು ಬಾರಿ ಅವರನ್ನು ಮಂಚದಿಂದ ಕುರ್ಚಿಗೆ, ಕುರ್ಚಿಯಿಂದ ಬಚ್ಚಲಿಗೆ, ಮತ್ತೆ ಮಂಚಕ್ಕೆ ಎತ್ತಿ ಕೂರಿಸಬೇಕು. ಹೆಂಡತಿಗೆ ಮಂಡಿನೋವು. ಮಕ್ಕಳು ದೂರದಲ್ಲಿದ್ದಾರೆ. ಆದ್ದರಿಂದ ನನ್ನ ಬೆನ್ನು ನನ್ನೊಬ್ಬನ ಸ್ವತ್ತಾಗಿರಲಿಲ್ಲ.

ಮೂರು ತಿಂಗಳು ಎಂದಿದ್ದ. ನಾನು ಮೂರು ವಾರ ತಾಳಿದೆ. ಹತ್ತು ಬೀಸು, ವಿರಾಮ, ಹತ್ತು ಬೀಸು. ನಾಲ್ಕನೆಯ ವಾರಕ್ಕೆ ಬೇಸರ ಬಂತು. ಮೊಬೈಲಿನಲ್ಲಿ ನೋಡಿದರೆ ಜನ ಗುಂಡನ್ನು ಗಾಳಿಯಲ್ಲಿ ತಿರುಗಿಸಿ ಹಿಡಿಯುತ್ತಾರೆ, ಪಕ್ಕಕ್ಕೆ ತಿರುಚಿ ಬೀಸುತ್ತಾರೆ, ನೆತ್ತಿಯ ಮೇಲಕ್ಕೆ ಒಯ್ಯುತ್ತಾರೆ. ಮೂವತ್ತು ವರ್ಷ ಮಕ್ಕಳಿಗೆ ಕಾಗುಣಿತ ಮುಗಿಯುವ ಮುನ್ನ ಪದ್ಯಕ್ಕೆ ಹಾರಬೇಡಿ ಎಂದು ಹೇಳಿದ ನಾನೇ ಹಾರಿದೆ. ಜೂನ್ ತಿಂಗಳ ಒಂದು ಬೆಳಿಗ್ಗೆ, ಮಳೆಯ ಎರಚಲಿಗೆ ಜಗಲಿ ಒದ್ದೆಯಾಗಿದ್ದಾಗ, ಗುಂಡನ್ನು ತಲೆಯ ಮೇಲಕ್ಕೊಯ್ದು ಪಕ್ಕಕ್ಕೆ ಇಳಿಸುವ ಒಂದು ಚಮತ್ಕಾರಕ್ಕೆ ಕೈಹಾಕಿದೆ. ಸೊಂಟದ ಮೇಲ್ಭಾಗದಲ್ಲಿ ಏನೋ ಕತ್ತರಿಸಿದಂತಾಯಿತು. ಗುಂಡು ನೆಲಕ್ಕೆ ಬಿದ್ದು ಕೆಂಪು ಸಿಮೆಂಟಿನಲ್ಲಿ ಗುಳಿಯಾಯಿತು. ಆ ಗುಳಿ ಇನ್ನೂ ಇದೆ. ನಾನು ಹನ್ನೊಂದು ದಿನ ಮಲಗಿದೆ.

ಆ ಹನ್ನೊಂದು ದಿನ ಅಮ್ಮನನ್ನು ಎತ್ತಿದವರು ನೆರೆಮನೆಯ ಹಿರಿಯರು. ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ದೋಣಿಗಳಿಗೆ ಕಡಲಿಗಿಳಿಯಲು ನಿಷೇಧವಿರುವ ಕಾಲ ಅದು. ದಕ್ಕೆಯಲ್ಲಿ ದೋಣಿಗಳು ಒತ್ತೊತ್ತಾಗಿ ನಿಂತಿರುತ್ತವೆ. ಅವರು ಮನೆಯಲ್ಲಿ ಕುಳಿತು ಬಲೆ ರಿಪೇರಿ ಮಾಡುತ್ತಿದ್ದರು. ನನಗಿಂತ ಹತ್ತು ವರ್ಷ ದೊಡ್ಡವರು, ಆಳು ಸಣಕಲು. ನಾನು ಪಕ್ಕದ ಮಂಚದಿಂದ ನೋಡುತ್ತಿದ್ದೆ. ಅವರು ಅಮ್ಮನ ಹತ್ತಿರ ಬಂದು ನಿಂತು, ಪೃಷ್ಠವನ್ನು ಹಿಂದಕ್ಕೆ ತಳ್ಳಿ, ಹಲಗೆಯಂತೆ ಬಾಗಿ, ಅವರನ್ನು ಎದೆಗೆ ಅವಚಿಕೊಂಡು, ಒಂದೇ ಬಾರಿಗೆ ನೆಟ್ಟಗಾದರು. ಅಮ್ಮ ಎದ್ದದ್ದೇ ತಿಳಿಯಲಿಲ್ಲ. ಇದು ಬೀಸಿನ ಚಲನೆಯೇ! ಎಲ್ಲಿ ಕಲಿತಿರಿ ಎಂದು ಕೇಳಿದೆ. “ಕಲಿಯುವುದೆಂತದು ಮಾಷ್ಟ್ರೇ, ರಂಪಣಿ ಎಳೆಯುವಾಗ ಕೈಯಲ್ಲಿ ಎಳೆದವ ಅರ್ಧ ಗಂಟೆಯಲ್ಲಿ ಕೂತುಬಿಡುತ್ತಿದ್ದ. ಸೊಂಟದಲ್ಲಿ ಎಳೆದವ ಸಂಜೆವರೆಗೆ ನಿಲ್ಲುತ್ತಿದ್ದ” ಎಂದರು.

ರಂಪಣಿಯ ಕಾಲವನ್ನು ಕಂಡವರು ಈಗ ನಮ್ಮಲ್ಲಿ ಕಡಿಮೆ. ದೋಣಿಯಲ್ಲಿ ಸಾಗಿಸಿ ಕಡಲಿಗೆ ಅರ್ಧಚಂದ್ರಾಕಾರವಾಗಿ ಬಿಟ್ಟ ಉದ್ದನೆಯ ಬಲೆಯ ಎರಡು ತುದಿಗಳನ್ನು ಹತ್ತಾರು ಜನ ದಡದಲ್ಲಿ ನಿಂತು ಎಳೆಯುತ್ತಿದ್ದರು. 1970ರ ದಶಕದ ನಡುವಿನಲ್ಲಿ ಪರ್ಸೀನ್ ಬಲೆಯ ದೋಣಿಗಳು ಬಂದ ಮೇಲೆ ಅದು ಬೇಗನೆ ಹಿಂದೆ ಸರಿಯಿತು. ಈಗ ಅಲ್ಲಲ್ಲಿ ಉಳಿದಿರುವುದು ಚಿಕ್ಕದಾದ ಕೈರಂಪಣಿ. ಆದರೆ ಹಿರಿಯರ ಮೈ ಆ ಹಗ್ಗವನ್ನು ಮರೆತಿರಲಿಲ್ಲ. ಅವರ ಮಾತಿನಲ್ಲಿ ನನ್ನನ್ನು ತಟ್ಟಿದ್ದು ಇನ್ನೊಂದು ಸಂಗತಿ. ಹಗ್ಗ ಎಳೆಯುವುದರಲ್ಲಿ ಬೇಸರ ಬರುತ್ತಿರಲಿಲ್ಲವೇ ಎಂದು ಕೇಳಿದ್ದಕ್ಕೆ, ಎಳೆತ ಒಂದೇ ಆದರೂ ಮರಳು ಒಂದೇ ಅಲ್ಲ, ಅಲೆ ಒಂದೇ ಅಲ್ಲ, ಪಕ್ಕದಲ್ಲಿ ನಿಂತವನು ಒಂದೇ ಅಲ್ಲ ಎಂದರು. ಅಂದರೆ ವೈವಿಧ್ಯ ಸುತ್ತಲೂ ಇತ್ತು; ನಡುವಿನ ಚಲನೆ ಮಾತ್ರ ಕದಲಲಿಲ್ಲ. ನಾನು ಮಾಡಿದ್ದು ತದ್ವಿರುದ್ಧ. ಸುತ್ತಲಿನದನ್ನು ಹಾಗೆಯೇ ಬಿಟ್ಟು ನಡುವಿನದನ್ನೇ ಕೆಡಿಸಿದ್ದೆ.

ಎದ್ದ ಮೇಲೆ ವೈದ್ಯರ ಒಪ್ಪಿಗೆ ಪಡೆದು ಮೊದಲಿನಿಂದ ಆರಂಭಿಸಿದೆ. ಗುಂಡಿಲ್ಲದೆ, ಗೋಡೆಗೆ ಬೆನ್ನು ಮಾಡಿ ಒಂದು ಗೇಣು ದೂರ ನಿಂತು, ಪೃಷ್ಠದಿಂದ ಗೋಡೆ ಮುಟ್ಟಿ ಬರುವುದು. ಅದು ಸಲೀಸಾದಂತೆ ಒಂದೊಂದು ಅಂಗುಲ ಮುಂದಕ್ಕೆ ಸರಿಯುವುದು. ಎರಡು ವಾರ ಇಷ್ಟೇ. ಆಮೇಲೆ 8 ಕಿಲೋ ಗುಂಡು, ಆಮೇಲೆ ಹಳೆಯ 16.

ಬೆನ್ನು ಕೆಟ್ಟವನು ಬೀಸನ್ನೇ ಬಿಡಬೇಕಿತ್ತಲ್ಲವೇ ಎಂದು ಕೇಳುಗರಲ್ಲಿ ಕೆಲವರಿಗೆ ಅನಿಸಬಹುದು. ನನಗೂ ಅನಿಸಿತ್ತು. ಕೆನಡದ ವಾಟರ್ಲೂ ವಿಶ್ವವಿದ್ಯಾನಿಲಯದಲ್ಲಿ ಬೆನ್ನೆಲುಬಿನ ಮೇಲೆ ಬೀಳುವ ಭಾರವನ್ನು ಬಹುಕಾಲ ಅಭ್ಯಸಿಸಿದ ಸ್ಟುವರ್ಟ್ ಮೆಕ್‌ಗಿಲ್ ಮತ್ತು ಅವರ ಸಹೋದ್ಯೋಗಿ 2012ರಲ್ಲಿ ಪ್ರಕಟಿಸಿದ ಪ್ರಬಂಧವೊಂದರ ವಿವರ ನನಗೆ ಧೈರ್ಯವನ್ನೂ ಎಚ್ಚರವನ್ನೂ ಕೊಟ್ಟಿತು. 16 ಕಿಲೋ ಗುಂಡಿನ ಬೀಸಿನಲ್ಲಿ ಪೃಷ್ಠದ ಸ್ನಾಯುಗಳು ತಮ್ಮ ಪೂರ್ಣಶಕ್ತಿಯ ಸುಮಾರು 80 ಪಾಲು, ಕೆಳಬೆನ್ನಿನ ಸ್ನಾಯುಗಳು ಸುಮಾರು 50 ಪಾಲು ದುಡಿಯುತ್ತವೆ. ಅದೂ ಬಿಗಿದು, ಸಡಿಲಿಸಿ, ಮತ್ತೆ ಬಿಗಿಯುವ ಕ್ರಮದಲ್ಲಿ. ಜೊತೆಗೆ ಕೆಳಬೆನ್ನಿನ ಒಂದು ಕಶೇರುಕ ಇನ್ನೊಂದರ ಮೇಲೆ ಜಾರುವಂತೆ ಮಾಡುವ ಒತ್ತಡ ಇಲ್ಲಿ ಸಾಮಾನ್ಯ ಭಾರ ಎತ್ತುವಾಗಿನದಕ್ಕೆ ವಿರುದ್ಧ ದಿಕ್ಕಿನದು. ಆದ್ದರಿಂದ ಭಾರ ಎತ್ತಲು ಅಂಜದ ಕೆಲವು ಬೆನ್ನುಗಳಿಗೂ ಬೀಸು ಒಗ್ಗದೆ ಹೋಗಬಹುದು. ಡೆನ್ಮಾರ್ಕಿನಲ್ಲಿ 2011ರಲ್ಲಿ ಪ್ರಕಟವಾದ ಇನ್ನೊಂದು ಅಧ್ಯಯನದಲ್ಲಿ ನಲವತ್ತು ಜನ ಉದ್ಯೋಗಸ್ಥರನ್ನು ಎರಡು ಗುಂಪು ಮಾಡಿ, ಒಂದು ಗುಂಪಿನವರಿಂದ ಎಂಟು ವಾರ ಹಿಡಿಗುಂಡಿನ ಅಭ್ಯಾಸ ಮಾಡಿಸಿದಾಗ ಅವರ ಕುತ್ತಿಗೆಯ ಮತ್ತು ಕೆಳಬೆನ್ನಿನ ನೋವು ಕಡಿಮೆಯಾಯಿತು. ಸಣ್ಣ ಅಧ್ಯಯನ, ಆದರೂ ಮಲಗಿ ಎದ್ದವನಿಗೆ ಅಷ್ಟು ಸಾಕು.

ಬೇಸರವಂತೂ ಮತ್ತೆ ಬರುವುದೇ. ಈ ಬಾರಿ ಅದಕ್ಕೆ ಉತ್ತರವನ್ನು ಬೀಸಿನ ಒಳಗೇ ಹುಡುಕಿದೆ. ನಾನು ಹಾಕಿಕೊಂಡ ನಿಯಮವೆಂದರೆ, ಒಂದು ಸಲಕ್ಕೆ ಒಂದನ್ನು ಮಾತ್ರ ಬದಲಿಸುವುದು. ಬದಲಿಸಿ ಮುಗಿಸಿದ ಮೇಲೆ ಹಳೆಯ ಎರಡು ಕೈಯ ಬೀಸನ್ನು ಹತ್ತು ಸಲ ಮಾಡಿ ನೋಡುವುದು. ಆ ಹತ್ತು ಕೆಟ್ಟಿದ್ದರೆ ಹೊಸ ಬಗೆಗೆ ಇನ್ನೂ ಕಾಲ ಬಂದಿಲ್ಲವೆಂದು ಅರ್ಥ.

ಮೊದಲು ಬದಲಿಸಿದ್ದು ನಿಲುಗಡೆಯನ್ನು. ಹತ್ತು ಬೀಸನ್ನು ಒಂದೇ ಸರಪಳಿಯಾಗಿ ಮಾಡದೆ, ಪ್ರತಿ ಬೀಸಿನ ಕೊನೆಗೂ ಗುಂಡನ್ನು ನೆಲಕ್ಕಿಟ್ಟು, ಉಸಿರೆಳೆದು, ಹೊಸದಾಗಿ ಎತ್ತುವುದು. ಕೇಳಲು ಕ್ಷುಲ್ಲಕ. ಆದರೆ ಸರಪಳಿಯಲ್ಲಿ ಹಿಂದಿನ ಬೀಸಿನ ವೇಗ ಮುಂದಿನದರ ತಪ್ಪನ್ನು ಮುಚ್ಚಿಹಾಕುತ್ತದೆ. ಇಲ್ಲಿ ಮುಚ್ಚಲು ಏನೂ ಇಲ್ಲ, ಪ್ರತಿಯೊಂದೂ ಮೊದಲನೆಯ ಬೀಸೇ. ಐದು ಮಾಡಿದರೆ ಹತ್ತರಷ್ಟು ದಣಿವು. ಕಲಿಯುವವರಿಗೆ ಇದಕ್ಕಿಂತ ಒಳ್ಳೆಯ ಬಗೆಯನ್ನು ನಾನು ಕಾಣೆ. ಅಮ್ಮನನ್ನು ಎತ್ತುವುದೂ ಹೀಗೆಯೇ ಅಲ್ಲವೇ? ಅಲ್ಲಿ ಹಿಂದಿನ ವೇಗದ ಸಾಲ ಸಿಗುವುದಿಲ್ಲ.

ಆಮೇಲಿನದು ಒಂಟಿ ಕೈಯ ಬೀಸು. ಗುಂಡು ಅದೇ, ಎತ್ತರ ಅದೇ; ಆದರೆ ಭಾರ ಒಂದು ಪಕ್ಕಕ್ಕೆ ಬಂದ ಕೂಡಲೆ ಮೈ ಆ ಕಡೆಗೆ ತಿರುಗಲು ಹವಣಿಸುತ್ತದೆ. ಅದನ್ನು ತಿರುಗಗೊಡದೆ ಹೆಗಲುಗಳನ್ನು ಸಮನಾಗಿ ನಿಲ್ಲಿಸುವುದೇ ಇಲ್ಲಿನ ಕೆಲಸ. ಹಿಡಿತದ ಮೇಲೂ ಇಮ್ಮಡಿ ಹೊರೆ. ಇಲ್ಲಿಯೇ ಒಂದು ಲೆಕ್ಕವಿದೆ. 16ರ ಮುಂದಿನ ಸಾಂಪ್ರದಾಯಿಕ ಮೆಟ್ಟಿಲು 24. ಒಮ್ಮೆಗೇ ಒಂದೂವರೆ ಪಟ್ಟು. ತಟ್ಟೆಗಳನ್ನು ಸೇರಿಸುವ ಕಬ್ಬಿಣದ ಸರಳಿನಲ್ಲಿ ಒಂದೊಂದು ಕಿಲೋ ಏರಿಸಬಹುದು, ಹಿಡಿಗುಂಡಿನಲ್ಲಿ ಅದಾಗದು. ಹೊಸ ಗುಂಡು ಕೊಳ್ಳುವುದೂ ಪಿಂಚಣಿಯವನಿಗೆ ಸುಲಭವಲ್ಲ. ಎರಡು ಕೈಯಿಂದ ಒಂದು ಕೈಗೆ ಬಂದಾಗ ಅದೇ 16 ಕಿಲೋ ಹೆಚ್ಚಿನ ಕೆಲಸ ಕೇಳುತ್ತದೆ. ಹೀಗೆ ಈ ಬಗೆಗಳು ಬೇಸರ ಕಳೆಯುವುದಕ್ಕಷ್ಟೇ ಅಲ್ಲ, ಎರಡು ತೂಕಗಳ ನಡುವಿನ ಕಂದಕಕ್ಕೆ ಹಾಕಿದ ಸಂಕವೂ ಹೌದು. ಕರಾವಳಿಯವರಿಗೆ ಒಂದು ಎಚ್ಚರಿಕೆ: ನಮ್ಮ ಬೆವರಿಗೆ ಹಿಡಿ ಜಾರುತ್ತದೆ. ಒಣಬಟ್ಟೆ ಕೈಯಲ್ಲಿರಲಿ, ಮುಖ ಅಂಗಳದ ಕಡೆಗಿರಲಿ. ಜಾರಿದರೂ ಗುಂಡು ತೆಂಗಿನ ಬುಡಕ್ಕೆ ಹೋದೀತು, ಕಿಟಕಿಗಲ್ಲ.

ಒಂಟಿ ಕೈ ಪಳಗಿದ ಮೇಲೆ ಕೈ ಬದಲಿಸುವ ಬೀಸು ತಾನಾಗಿ ಒದಗುತ್ತದೆ. ಗುಂಡು ಮೇಲಕ್ಕೆ ತೇಲಿ ತೂಕ ಕಳೆದುಕೊಂಡ ಆ ಕ್ಷಣದಲ್ಲಿ ಒಂದು ಕೈ ಬಿಟ್ಟು ಇನ್ನೊಂದು ಹಿಡಿಯುವುದು. ಸೊಂಟದ ಕೆಲಸ ಸರಿಯಿದ್ದರೆ ಆ ಕ್ಷಣ ದೊಡ್ಡದಾಗುತ್ತದೆ. ಕೈಯಿಂದ ಎತ್ತಿದ್ದರೆ ಅದು ಬರುವುದೇ ಇಲ್ಲ. ಪಾದದ ನೆಲೆಯನ್ನೂ ಬದಲಿಸಬಹುದು: ಒಂದು ಪಾದವನ್ನು ಒಂದು ಗೇಣು ಹಿಂದಿಟ್ಟು ಬೀಸುವುದು, ಅಥವಾ ಗುಂಡು ಮೇಲಿರುವಾಗ ಒಂದೊಂದು ಹೆಜ್ಜೆ ಪಕ್ಕಕ್ಕೆ ಇಡುತ್ತ ಹೋಗುವುದು. ಒದ್ದೆ ನೆಲದಲ್ಲಿ ಇವು ಬೇಡ. ಕಡಲತೀರದ ಸಡಿಲ ಮರಳಿನಲ್ಲಿ ನಿಂತು ಬೀಸಿ ಫೋಟೋ ತೆಗೆಸಿಕೊಳ್ಳುವವರನ್ನು ಕಾಣುತ್ತೇನೆ. ಚಿತ್ರ ಚೆನ್ನಾಗಿ ಬರುತ್ತದೆ, ಪಾದಕ್ಕೆ ಆಧಾರ ಸಿಗುವುದಿಲ್ಲ. ನೆತ್ತಿಯ ಮೇಲಕ್ಕೊಯ್ಯುವ ಬೀಸಿನ ಬಗ್ಗೆ ನಾನು ನಿಷ್ಪಕ್ಷಪಾತಿಯಲ್ಲ. ಹೆಗಲು ಪೂರ್ತಿ ಸಡಿಲವಿಲ್ಲದವನು ಗುಂಡನ್ನು ಅಲ್ಲಿಗೊಯ್ಯಲು ಬೆನ್ನನ್ನು ಹಿಂದಕ್ಕೆ ಬಳುಕಿಸುತ್ತಾನೆ. ನನಗೆ ಆದದ್ದು ಅದೇ.

ಎಲ್ಲಕ್ಕಿಂತ ಫಲವತ್ತಾದ ಬದಲಾವಣೆ ಕಾಲದ್ದು. ಸಂಗೀತ ಕಲಿಯುವ ಮಗು ಒಂದೇ ಸರಳೆಯನ್ನು ಮಾಯಾಮಾಳವಗೌಳದಲ್ಲಿ ಮೂರು ಕಾಲಗಳಲ್ಲಿ ಹಾಡುತ್ತದೆ. ಬೀಸಿನಲ್ಲಿಯೂ ಹಾಗೆ ಮಾಡಬಹುದೆಂದು ನಾನು ಮೊದಲು ಎಣಿಸಿದ್ದೆ. ಆಗದು. ಗುಂಡು ಲೋಲಕ, ಅದು ತನ್ನ ಹೊತ್ತಿಗೆ ಹೋಗಿ ತನ್ನ ಹೊತ್ತಿಗೆ ಬರುತ್ತದೆ, ಅವಸರಪಡಿಸಲು ಹೋದರೆ ಲಯ ಕೆಡುತ್ತದೆ. ಇಲ್ಲಿ ಕಾಲವನ್ನು ಬದಲಿಸಬೇಕಾದ್ದು ಬೀಸಿನಲ್ಲಲ್ಲ, ಎರಡು ಸರಣಿಗಳ ನಡುವಿನ ಮೌನದಲ್ಲಿ. ಪ್ರತಿ ನಿಮಿಷದ ಆರಂಭಕ್ಕೆ ಹತ್ತು ಬೀಸು, ಉಳಿದ ಹೊತ್ತು ವಿಶ್ರಾಂತಿ. ಹೀಗೆ ಹತ್ತು ನಿಮಿಷಕ್ಕೆ ನೂರು. ಇನ್ನೊಂದು ದಿನ ನಿಮಿಷಕ್ಕೆ ಹದಿನೈದು, ಆದರೆ ಆರೇ ನಿಮಿಷ. ಮತ್ತೊಂದು ದಿನ ಐದು, ಹತ್ತು, ಹದಿನೈದು ಎಂದು ಏರಿ ಇಳಿಯುವುದು. ಚಲನೆಯಲ್ಲಿ ಎಳ್ಳಷ್ಟೂ ವ್ಯತ್ಯಾಸವಿಲ್ಲ; ಮೈಗೆ ಮಾತ್ರ ಮೂರೂ ಬೇರೆ ಬೇರೆ ದಿನಗಳು.

ಇದೆಲ್ಲ ಹೊರಗಿನಿಂದ ಬಂದ ಜಾಣ್ಮೆಯೆಂದು ಯಾರೂ ಎಣಿಸಬೇಕಾಗಿಲ್ಲ. ನಮ್ಮ ಗರಡಿಮನೆಗಳಲ್ಲಿ ಸಾಮು ತೆಗೆಯುವವರು ದಂಡ ಹೊಡೆಯುವುದರಲ್ಲೇ ಹನುಮಾನ್ ದಂಡ, ವೃಶ್ಚಿಕ ದಂಡ ಎಂದು ಬಗೆ ಮಾಡಿಕೊಂಡರು. ತಳದ ದಂಡವನ್ನು ಬಿಡಲಿಲ್ಲ. ಸಾಹಿತ್ಯಾಸಕ್ತರು ‘ಶಾಂತಲಾ’ ಮತ್ತು ‘ರೂಪದರ್ಶಿ’ ಕಾದಂಬರಿಗಳ ಕರ್ತೃವೆಂದು ಬಲ್ಲ ಕೆ. ವಿ. ಅಯ್ಯರ್ ಬೆಂಗಳೂರಿನ ಹರ್ಕ್ಯುಲಿಸ್ ವ್ಯಾಯಾಮಶಾಲೆಯನ್ನು ನಡೆಸಿದವರು. 1930ರಲ್ಲಿ ‘ಮಸಲ್ ಕಲ್ಟ್’ ಎಂಬ ಇಂಗ್ಲಿಷ್ ಪುಸ್ತಕ ಬರೆದ ಅವರು ಭಾರದ ಸಾಧನೆಯ ಜೊತೆಯಲ್ಲೇ ಸೂರ್ಯನಮಸ್ಕಾರವನ್ನೂ ಕಲಿಸುತ್ತಿದ್ದರು. ಇನ್ನು ನಮ್ಮ ಉಡುಪಿ ಜಿಲ್ಲೆಯವರೇ ಆದ ಗುರುರಾಜ ಪೂಜಾರಿಯವರು 2018ರ ಕಾಮನ್‌ವೆಲ್ತ್ ಕ್ರೀಡಾಕೂಟದಲ್ಲಿ 56 ಕಿಲೋ ವಿಭಾಗದಲ್ಲಿ ಒಟ್ಟು 249 ಕಿಲೋ ಎತ್ತಿ ಬೆಳ್ಳಿ ಪಡೆದರು. 2022ರಲ್ಲಿ 61 ಕಿಲೋ ವಿಭಾಗದಲ್ಲಿ ಕಂಚು. ಅವರ ಕ್ರೀಡೆಯಲ್ಲಿ ಸ್ಪರ್ಧೆಗಿರುವುದು ಎರಡೇ ಎರಡು ಬಗೆಯ ಎತ್ತುಗಳು. ಭಾರ ಎತ್ತುವವರು ಆ ಎರಡನ್ನೇ ಮೊಣಕಾಲಿನ ಮಟ್ಟದಿಂದ, ತೊಡೆಯ ಮಟ್ಟದಿಂದ, ನಡುವೆ ತಡೆದು ಎಂದು ಹಲವು ಬಗೆಯಲ್ಲಿ ವರ್ಷಗಟ್ಟಲೆ ಸಾಧಿಸುತ್ತಾರೆ.

ಅಂಡವಾಯು, ಹತೋಟಿಗೆ ಬಾರದ ರಕ್ತದೊತ್ತಡ, ಇತ್ತೀಚಿನ ಶಸ್ತ್ರಚಿಕಿತ್ಸೆ ಇರುವವರು ವೈದ್ಯರನ್ನು ಕೇಳದೆ ಗುಂಡನ್ನು ಮುಟ್ಟಬಾರದು. ಬೀಸಿದ ಮರುದಿನ ಪೃಷ್ಠ, ತೊಡೆಯ ಹಿಂಭಾಗ ನೋಯ್ದರೆ ಚಿಂತೆಯಿಲ್ಲ. ಕೆಳಬೆನ್ನು ನೋಯ್ದರೆ ಗೋಡೆಯ ಪಾಠಕ್ಕೆ ಮರಳಬೇಕು.

ಈಗ ದಿನ ಬಿಟ್ಟು ದಿನ ಬೆಳಿಗ್ಗೆ ಆರೂವರೆಗೆ ನಾನು ಜಗಲಿಯಲ್ಲಿ ಬೀಸುತ್ತೇನೆ. ಒಳಗೆ ಮಂಚದ ಮೇಲಿನಿಂದ ಅಮ್ಮ ಉಸಿರಿನ ಸದ್ದು ಕೇಳಿ ತುಳುವಿನಲ್ಲಿ ಎಣಿಸುತ್ತಾರೆ: ಒಂಜಿ, ರಡ್ಡ್, ಮೂಜಿ. ಏಳರ ಹತ್ತಿರ ಬಂದಾಗ ಅವರಿಗೆ ಲೆಕ್ಕ ತಪ್ಪುತ್ತದೆ; ಮತ್ತೆ ಒಂಜಿಯಿಂದ ತೊಡಗುತ್ತಾರೆ. ಅವರ ಎಣಿಕೆ ಹತ್ತು ಮುಟ್ಟುವವರೆಗೆ ನಾನು ನಿಲ್ಲಿಸುವಂತಿಲ್ಲ. ಆಮೇಲೆ ಗುಂಡನ್ನು ಆ ಗುಳಿಯ ಪಕ್ಕಕ್ಕಿಟ್ಟು, ಕೈ ಒರೆಸಿಕೊಂಡು, ಅವರನ್ನು ಕುರ್ಚಿಗೆ ಎತ್ತಲು ಒಳಗೆ ಹೋಗುತ್ತೇನೆ.